ಎಸೆದ ಕಲ್ಲಿನ ದಾರಿಯನ್ನು ಲೆಕ್ಕ ಹಾಕುವುದು ಹೇಗೆ: ಪ್ರೊಜೆಕ್ಟೈಲ್ ಚಲನೆಯ ಸಮಸ್ಯೆಗಳಿಗೆ ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳೆಯ ಮನೆಗಳಲ್ಲಿ ಗುಡ್ಡದ ಒರತೆಯಿಂದ ಇಳಿದು ಬರುವ ಅಬ್ಬಿ ನೀರು, ಸೀಳಿ ತಿರುಳು ತೆಗೆದ ಅಡಿಕೆ ಮರದ ದಂಬೆಯ ಮೂಲಕ ಹರಿದು ಹಿತ್ತಿಲಿನ ಕಲ್ಲಿನ ಮೇಲೆ ಬೀಳುತ್ತಿರುತ್ತದೆ. ದಂಬೆಯ ತುದಿಯನ್ನು ಬಿಟ್ಟ ನೀರು ನೇರವಾಗಿ ಮುಂದಕ್ಕೂ ಹೋಗುವುದಿಲ್ಲ, ನೆಟ್ಟಗೆ ಕೆಳಕ್ಕೂ ಬೀಳುವುದಿಲ್ಲ. ಮೊದಲು ಹೆಚ್ಚುಕಡಿಮೆ ಅಡ್ಡಲಾಗಿ ಹೊರಟು, ಸ್ವಲ್ಪ ಸ್ವಲ್ಪವೇ ಬಾಗುತ್ತ, ಕಲ್ಲನ್ನು ಮುಟ್ಟುವ ಹೊತ್ತಿಗೆ ಸಾಕಷ್ಟು ಕಡಿದಾಗಿ ಇಳಿದಿರುತ್ತದೆ. ಎಸೆದ ಕಲ್ಲಿನ ದಾರಿ ಕಣ್ಣೆದುರಿಗೇ ಅಳಿಸಿಹೋಗುತ್ತದೆ, ಆದರೆ ಅಬ್ಬಿಯ ನೀರು ಅದೇ ದಾರಿಯನ್ನು ಹಗಲಿರುಳೂ ಬರೆದಿಟ್ಟಿರುತ್ತದೆ. ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ಬರುವ ಪ್ರೊಜೆಕ್ಟೈಲ್ ಚಲನೆ, ಅಂದರೆ ಎಸೆತದ ಚಲನೆ, ಈ ಬಾಗಿದ ದಾರಿಯ ಲೆಕ್ಕವೇ ಆಗಿದೆ.

ಈ ಪಾಠವನ್ನು ಅನೇಕ ವರ್ಷ ಹೇಳಿಕೊಟ್ಟ ಮೇಲೆ ನನಗೆ ಖಚಿತವಾಗಿರುವ ಸಂಗತಿಯೆಂದರೆ, ವಿದ್ಯಾರ್ಥಿಗಳು ಎಡವುವುದು ಗಣಿತದಲ್ಲಲ್ಲ, ಗಣಿತ ಶುರುವಾಗುವುದಕ್ಕೂ ಮುಂಚೆ. ಗರಿಷ್ಠ ಎತ್ತರ, ಹಾರಾಟದ ಅವಧಿ, ವ್ಯಾಪ್ತಿ (ಬೀಳುವ ಜಾಗದವರೆಗಿನ ಅಡ್ಡ ದೂರ) ಎಂಬ ಮೂರು ಸೂತ್ರಗಳನ್ನು ಬಾಯಿಪಾಠ ಮಾಡಿಕೊಂಡು ಬಂದವರು, ಪ್ರಶ್ನೆಯಲ್ಲಿ ಕಲ್ಲು ನೆಲದಿಂದ ಹೊರಡದೆ ಮಾಡಿನಿಂದ ಹೊರಟಿತೆಂದ ಕೂಡಲೇ ದಿಕ್ಕು ತಪ್ಪುತ್ತಾರೆ. ಏಕೆಂದರೆ ಅವುಗಳಲ್ಲಿ ಅವಧಿ ಮತ್ತು ವ್ಯಾಪ್ತಿಯ ಸೂತ್ರಗಳು ಹೊರಟ ಮಟ್ಟಕ್ಕೇ ಮರಳಿ ಬೀಳುವ ಎಸೆತಕ್ಕೆ ಮಾತ್ರ ಹೊಂದುತ್ತವೆ ಎಂಬುದನ್ನು ಅವರಿಗೆ ಯಾರೂ ಒತ್ತಿ ಹೇಳಿರುವುದಿಲ್ಲ. ಆದ್ದರಿಂದ ಇಲ್ಲಿ ಆ ಸೂತ್ರಗಳನ್ನು ಬದಿಗಿಟ್ಟು, ಎಲ್ಲ ಸಮಸ್ಯೆಗಳಿಗೂ ಹೊಂದುವ ಒಂದೇ ವಿಧಾನವನ್ನು ವಿವರಿಸುತ್ತೇನೆ. ಸೂತ್ರಗಳು ಬೇಕಾದಾಗ ಅದರಿಂದಲೇ ಹುಟ್ಟುತ್ತವೆ.

ಎರಡು ಚಲನೆಗಳು, ಒಂದೇ ಕಾಲ

ಕೈಯಿಂದ ಬಿಟ್ಟ ಕ್ಷಣದಿಂದ ನೆಲ ಮುಟ್ಟುವ ಕ್ಷಣದವರೆಗೆ ಕಲ್ಲಿನ ಮೇಲೆ ಕೆಲಸ ಮಾಡುವ ಬಲ ಭೂಮಿಯ ಸೆಳೆತವೊಂದೇ, ಗಾಳಿಯ ತಡೆಯನ್ನು ನಾವು ಸದ್ಯಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ಈ ಸೆಳೆತ ನೆಟ್ಟಗೆ ಕೆಳಕ್ಕಿರುವುದರಿಂದ ಅದು ಕಲ್ಲಿನ ಲಂಬ ವೇಗವನ್ನು ಮಾತ್ರ ಬದಲಿಸುತ್ತದೆ. ಅಡ್ಡ ದಿಕ್ಕಿನ ವೇಗವನ್ನು ಅದು ಮುಟ್ಟುವುದೇ ಇಲ್ಲ. ಹೀಗಾಗಿ ಅಡ್ಡ ದಿಕ್ಕಿನಲ್ಲಿ ಕಲ್ಲು ಕೊನೆಯವರೆಗೂ ಒಂದೇ ವೇಗದಲ್ಲಿ ಸಾಗುತ್ತದೆ, ಲಂಬ ದಿಕ್ಕಿನಲ್ಲಿ ಅದು ನೆಟ್ಟಗೆ ಮೇಲಕ್ಕೆಸೆದ ಕಲ್ಲಿನ ಹಾಗೆಯೇ ಏರಿ ಇಳಿಯುತ್ತದೆ. ಈ ಎರಡು ಚಲನೆಗಳಲ್ಲಿ ಒಂದಕ್ಕೆ ಇನ್ನೊಂದರ ಗೊಡವೆಯಿಲ್ಲ, ಆದರೆ ಎರಡೂ ನಡೆಯುವುದು ಒಂದೇ ಕಾಲದಲ್ಲಿ. ಇಡೀ ಅಧ್ಯಾಯದ ಜೀವ ಈ ಕೊನೆಯ ಮಾತಿನಲ್ಲಿದೆ: ಎರಡು ಚಲನೆಗಳಿಗೂ ಸಮಾನವಾಗಿರುವ ಒಂದೇ ಒಂದು ರಾಶಿ ಕಾಲ, ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ದಾಟುವ ಸಂಕವೂ ಅದೇ.

ಇದು ಸುಲಭವಾಗಿ ಹೊಳೆದ ವಿಚಾರವಲ್ಲ. 45 ಡಿಗ್ರಿ ಕೋನದಲ್ಲಿ ಹಾರಿಸಿದ ಗುಂಡು ಅತಿ ದೂರ ಹೋಗುತ್ತದೆ ಎಂಬುದನ್ನು ಇಟಲಿಯ ಗಣಿತಜ್ಞ ಟಾರ್ಟಾಲಿಯಾ 1537ರಲ್ಲೇ ಹೇಳಿದ್ದನಾದರೂ ದಾರಿಯ ನಿಜವಾದ ಆಕಾರ ಅವನಿಗೆ ಸಿಕ್ಕಿರಲಿಲ್ಲ. ಗೆಲಿಲಿಯೋ 1608ರ ಸುಮಾರಿಗೆ ಪಡುವಾದಲ್ಲಿ ಇಳಿಜಾರಿನ ಮೇಲೆ ಗುಂಡನ್ನು ಉರುಳಿಸಿ, ಮೇಜಿನ ಅಂಚಿನಿಂದ ಹಾರಿದ ಅದು ನೆಲದ ಮೇಲೆ ಎಷ್ಟು ದೂರದಲ್ಲಿ ಬೀಳುತ್ತದೆಂದು ಅಳೆದು ಬರೆದಿಟ್ಟುಕೊಂಡ. ಆ ದಾರಿ ಪರವಲಯ (ಪ್ಯಾರಾಬೋಲಾ ಎಂಬ ವಕ್ರರೇಖೆ) ಎಂಬ ನಿರೂಪಣೆಯನ್ನು 1638ರಲ್ಲಿ ಪ್ರಕಟಿಸಿದ. ಅವನು ಮೇಜಿನ ಅಂಚಿನಲ್ಲಿ ಮಾಡಿದ ಪ್ರಯೋಗಕ್ಕೂ ಅಬ್ಬಿ ನೀರಿನ ದಂಬೆಗೂ ತತ್ವದಲ್ಲಿ ಯಾವ ವ್ಯತ್ಯಾಸವೂ ಇಲ್ಲ.

ಮೊದಲ ಹಂತ: ಚಿತ್ರ, ಮೂಲಬಿಂದು, ಧನ ದಿಕ್ಕು

ಪ್ರಶ್ನೆಯನ್ನು ಓದಿದ ಮೇಲೆ ಮೊದಲು ಬರೆಯಬೇಕಾದದ್ದು ಸಮೀಕರಣವಲ್ಲ, ಚಿತ್ರ. ವಸ್ತು ಎಲ್ಲಿಂದ ಹೊರಟಿತು, ಎಲ್ಲಿ ಬಿತ್ತು, ಆ ಎರಡು ಜಾಗಗಳು ಒಂದೇ ಮಟ್ಟದಲ್ಲಿವೆಯೋ ಇಲ್ಲವೋ ಎಂಬುದು ಅದರಲ್ಲಿ ಕಾಣಬೇಕು. ಅನಂತರ ಮೂಲಬಿಂದುವನ್ನು, ಅಂದರೆ ಅಳತೆಗಳೆಲ್ಲ ಶುರುವಾಗುವ ಸೊನ್ನೆಯ ಜಾಗವನ್ನು, ಗುರುತಿಸಬೇಕು. ವಸ್ತು ಕೈಬಿಟ್ಟ ಜಾಗವನ್ನೇ ಮೂಲಬಿಂದು ಮಾಡಿಕೊಂಡರೆ ಲೆಕ್ಕ ಹಗುರವಾಗುತ್ತದೆ. ಆಮೇಲೆ ಲಂಬ ದಿಕ್ಕಿನಲ್ಲಿ ಯಾವುದು ಧನ ಎಂಬುದನ್ನು ಬಾಣ ಹಾಕಿ ತೋರಿಸಬೇಕು. ಮೇಲ್ಮುಖ ಧನವೆಂದರೆ ಗುರುತ್ವ ವೇಗೋತ್ಕರ್ಷ (ಭೂಮಿಯ ಸೆಳೆತದಿಂದ ವೇಗ ಸೆಕೆಂಡಿಗೆ ಬದಲಾಗುವ ಪ್ರಮಾಣ) ಋಣ, ಮೂಲಬಿಂದುವಿಗಿಂತ ಕೆಳಗಿರುವ ನೆಲದ ಸ್ಥಾನವೂ ಋಣ. ಕೆಳಮುಖ ಧನವೆಂದರೆ ಅವೆರಡೂ ಧನ. ಯಾವುದನ್ನು ಆರಿಸಿಕೊಂಡರೂ ಉತ್ತರ ಒಂದೇ, ಆದರೆ ಒಂದೇ ಲೆಕ್ಕದ ನಡುವೆ ಆಯ್ಕೆಯನ್ನು ಬದಲಿಸಬಾರದು. ನಾನು ತಿದ್ದಿದ ಉತ್ತರಪತ್ರಿಕೆಗಳಲ್ಲಿ ಅಂಕ ಹೋಗಿರುವುದು ಹೆಚ್ಚಾಗಿ ಇಲ್ಲಿಯೇ: ವೇಗವನ್ನು ಮೇಲ್ಮುಖ ಧನವೆಂದು ಬರೆದವರು, ಮುಂದಿನ ಸಾಲಿನಲ್ಲಿ ನೆಲದ ಆಳವನ್ನೂ ಧನವೆಂದೇ ಬರೆದುಬಿಟ್ಟಿರುತ್ತಾರೆ.

ಎರಡನೆಯ ಹಂತ: ವೇಗವನ್ನು ಒಡೆಯುವುದು

ಆರಂಭಿಕ ವೇಗವು ನೆಲಕ್ಕೆ ಯಾವುದೋ ಕೋನದಲ್ಲಿದ್ದರೆ ಅದನ್ನು ಎರಡು ಘಟಕಗಳಾಗಿ ಒಡೆಯಬೇಕು.

ಅಡ್ಡ ಘಟಕ = ವೇಗ × ಕೊಸೈನ್ (ಕೋನ)
ಲಂಬ ಘಟಕ = ವೇಗ × ಸೈನ್ (ಕೋನ)

ಕೋನವನ್ನು ನೆಲಮಟ್ಟದಿಂದ ಅಳೆದಿದ್ದರೆ ಮಾತ್ರ ಇದು ಸರಿ. ಲಂಬರೇಖೆಯಿಂದ ಅಳೆದ ಕೋನವನ್ನು ಪ್ರಶ್ನೆಯಲ್ಲಿ ಕೊಟ್ಟಿದ್ದರೆ ಸೈನ್ ಮತ್ತು ಕೊಸೈನ್ ಅದಲುಬದಲಾಗುತ್ತವೆ. ಸಂದೇಹ ಬಂದಾಗ ಚಿತ್ರವನ್ನೇ ಕೇಳಿಕೊಳ್ಳಿ: ಎಸೆತ ನೆಲಕ್ಕೆ ಹತ್ತಿರವಾಗಿ ಮಲಗಿದ್ದರೆ ಅಡ್ಡ ಘಟಕ ದೊಡ್ಡದಿರಬೇಕು, ಎದ್ದು ನಿಂತಿದ್ದರೆ ಲಂಬ ಘಟಕ ದೊಡ್ಡದಿರಬೇಕು. ಕ್ಯಾಲ್ಕುಲೇಟರ್ ಬಳಸುವವರು ಅದು ಡಿಗ್ರಿಯಲ್ಲಿದೆಯೇ ರೇಡಿಯನ್‌ನಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಸೈನ್ 30 ಒತ್ತಿದಾಗ 0.5 ಬಾರದಿದ್ದರೆ ಅಲ್ಲಿಯೇ ನಿಲ್ಲಬೇಕು.

ಮೂರನೆಯ ಹಂತ: ಎರಡು ಕಾಲಂ

ಹಾಳೆಯ ನಡುವೆ ಒಂದು ಉದ್ದ ಗೆರೆ ಎಳೆಯಿರಿ. ಎಡಕ್ಕೆ ‘ಅಡ್ಡ’, ಬಲಕ್ಕೆ ‘ಲಂಬ’ ಎಂದು ಬರೆಯಿರಿ. ಎಡಗಡೆಯ ಕಾಲಂನಲ್ಲಿ ಇರುವುದು ಒಂದೇ ಸಂಬಂಧ:

ಅಡ್ಡ ದೂರ = ಅಡ್ಡ ವೇಗ × ಕಾಲ

ಬಲಗಡೆಯ ಕಾಲಂನಲ್ಲಿ, ಮೇಲ್ಮುಖವನ್ನು ಧನವೆಂದು ಇಟ್ಟುಕೊಂಡರೆ, ಎರಡು ಸಂಬಂಧಗಳು ಸಾಕು:

ಲಂಬ ಸ್ಥಾನಪಲ್ಲಟ = (ಆರಂಭಿಕ ಲಂಬ ವೇಗ × ಕಾಲ) − (4.9 × ಕಾಲ²)
ಆ ಕ್ಷಣದ ಲಂಬ ವೇಗ = ಆರಂಭಿಕ ಲಂಬ ವೇಗ − (9.8 × ಕಾಲ)

4.9 ಎಂಬುದು 9.8ರ ಅರ್ಧ. ಭೂಮಿಯ ಮೇಲೆ ಗುರುತ್ವ ವೇಗೋತ್ಕರ್ಷ ಎಲ್ಲ ಕಡೆಯೂ ಕರಾರುವಾಕ್ಕಾಗಿ 9.8 ಇರುವುದಿಲ್ಲ. ಅದು ಧ್ರುವಗಳಲ್ಲಿ ಹೆಚ್ಚು, ಭೂಮಧ್ಯರೇಖೆಯ ಬಳಿ ಕಡಿಮೆ. 14 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವ ನಮ್ಮ ಶಿವಮೊಗ್ಗದಲ್ಲಿ ಅದರ ಬೆಲೆ ಸೆಕೆಂಡಿನ ವರ್ಗಕ್ಕೆ ಸುಮಾರು 9.78 ಮೀಟರ್. ವ್ಯತ್ಯಾಸ ಸಾವಿರಕ್ಕೆ ಎರಡರಷ್ಟೇ ಇರುವುದರಿಂದ ಪಠ್ಯಪುಸ್ತಕದ 9.8ನ್ನೇ ನೆಮ್ಮದಿಯಿಂದ ಬಳಸಬಹುದು.

ಪ್ರಶ್ನೆಯಲ್ಲಿ ಕೊಟ್ಟ ಪ್ರತಿಯೊಂದು ಅಂಕಿಯನ್ನೂ ಇವೆರಡರಲ್ಲಿ ಯಾವುದಾದರೊಂದು ಕಾಲಂನಲ್ಲಿ ಬರೆಯಬೇಕು. ಗೆರೆಯನ್ನು ದಾಟಿ ಅಂಕಿಗಳನ್ನು ಬೆರೆಸಬಾರದು: ಅಡ್ಡ ವೇಗವನ್ನು 9.8ರ ಜೊತೆಗೆ ಒಂದೇ ಸಮೀಕರಣದಲ್ಲಿ ಹಾಕಿದ್ದರೆ ತಪ್ಪಾಗಿದೆ ಎಂದೇ ಅರ್ಥ. ಗೆರೆ ದಾಟುವ ಹಕ್ಕಿರುವುದು ಕಾಲಕ್ಕೆ ಮಾತ್ರ.

ನಾಲ್ಕನೆಯ ಹಂತ: ಕಾಲವನ್ನು ಯಾವ ಕಾಲಂ ಕೊಡುತ್ತದೆ?

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಸಮಸ್ಯೆ ಬಿಡಿಸುವುದೆಂದರೆ ನಿಜವಾಗಿ ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಆಗಿದೆ. ಎತ್ತರ ಗೊತ್ತಿದ್ದರೆ ಲಂಬ ಕಾಲಂ ಕಾಲವನ್ನು ಕೊಡುತ್ತದೆ, ಅದನ್ನು ಅಡ್ಡ ಕಾಲಂಗೆ ಒಯ್ದು ದೂರವನ್ನೋ ವೇಗವನ್ನೋ ಪಡೆಯಬೇಕು. ‘20 ಮೀಟರ್ ದೂರದ ಗೋಡೆಗೆ ಎಷ್ಟು ಎತ್ತರದಲ್ಲಿ ತಾಗುತ್ತದೆ’ ಎಂದು ಕೇಳಿದರೆ ದಾರಿ ತಿರುಗುಮುರುಗಾಗುತ್ತದೆ: ಅಡ್ಡ ಕಾಲಂನಿಂದ ಕಾಲ, ಅದರಿಂದ ಎತ್ತರ. ಅತಿ ಎತ್ತರದ ಬಿಂದುವಿನ ಬಗ್ಗೆ ಕೇಳಿದರೆ ಅಲ್ಲಿ ಲಂಬ ವೇಗ ಸೊನ್ನೆ ಎಂಬ ಸುಳಿವು ಪ್ರಶ್ನೆಯಲ್ಲೇ ಅಡಗಿರುತ್ತದೆ.

ಆ ಬಿಂದುವಿನ ಬಗ್ಗೆ ಇರುವ ಎರಡು ತಪ್ಪು ಕಲ್ಪನೆಗಳನ್ನು ಇಲ್ಲಿಯೇ ಬಿಡಿಸಿಬಿಡಬೇಕು. ಅತಿ ಎತ್ತರದಲ್ಲಿ ಕಲ್ಲು ನಿಂತಿರುವುದಿಲ್ಲ. ಅದರ ಲಂಬ ವೇಗ ಮಾತ್ರ ಸೊನ್ನೆ, ಅಡ್ಡ ವೇಗ ಹೊರಟಾಗ ಎಷ್ಟಿತ್ತೋ ಅಷ್ಟೇ ಇದೆ. ವೇಗೋತ್ಕರ್ಷವೂ ಅಲ್ಲಿ ಸೊನ್ನೆಯಲ್ಲ. ಅದು ಆಗಲೂ ಕೆಳಮುಖವಾಗಿ 9.8. ಭೂಮಿ ಒಂದು ಕ್ಷಣಕ್ಕಾದರೂ ಸೆಳೆಯುವುದನ್ನು ಬಿಟ್ಟಿದ್ದರೆ ಕಲ್ಲು ಅಲ್ಲಿಂದ ಬಾಗದೆ ನೇರವಾಗಿ ಹೋಗಿಬಿಡುತ್ತಿತ್ತು.

ಮೊದಲ ಉದಾಹರಣೆ: ಅಬ್ಬಿ ನೀರಿನ ವೇಗ

ದಂಬೆಯ ತುದಿ ಮಟ್ಟಸವಾಗಿದೆ, ಅದು ಕೆಳಗಿನ ಕಲ್ಲಿಗಿಂತ 1.25 ಮೀಟರ್ ಎತ್ತರದಲ್ಲಿದೆ. ನೀರು ತುದಿಯ ನೇರ ಕೆಳಗಿನ ಬಿಂದುವಿನಿಂದ 0.90 ಮೀಟರ್ ಮುಂದೆ ಬೀಳುತ್ತದೆ. ನೀರು ದಂಬೆಯನ್ನು ಬಿಡುವಾಗಿನ ವೇಗವೆಷ್ಟು?

ನೀರು ಅಡ್ಡಲಾಗಿ ಹೊರಡುವುದರಿಂದ ಆರಂಭಿಕ ಲಂಬ ವೇಗ ಸೊನ್ನೆ. ಎಲ್ಲ ಚಲನೆಯೂ ಕೆಳಕ್ಕೇ ಇರುವುದರಿಂದ ಕೆಳಮುಖವನ್ನೇ ಧನವೆಂದು ಇಟ್ಟುಕೊಳ್ಳುವುದು ಅನುಕೂಲ. ಕಾಲವನ್ನು ‘ಕಾ’ ಎಂದು ಕರೆಯೋಣ.

1.25 = 4.9 ಕಾ²
ಕಾ² = 0.255, ಆದ್ದರಿಂದ ಕಾ = 0.505 ಸೆಕೆಂಡ್

ಈ ಕಾಲವನ್ನು ಅಡ್ಡ ಕಾಲಂಗೆ ಒಯ್ದರೆ,

ಅಡ್ಡ ವೇಗ = 0.90 ÷ 0.505 = ಸೆಕೆಂಡಿಗೆ 1.78 ಮೀಟರ್

ಈ ಲೆಕ್ಕ ನನಗೆ ಬಹಳ ಪ್ರಿಯ, ಏಕೆಂದರೆ ಇದಕ್ಕೆ ಬೇಕಾದ ಉಪಕರಣ ಒಂದು ಅಳತೆಪಟ್ಟಿ ಮಾತ್ರ. ಅರ್ಧ ಸೆಕೆಂಡಿನಷ್ಟು ಚಿಕ್ಕ ಕಾಲವನ್ನು ಗಡಿಯಾರ ಹಿಡಿದು ಅಳೆಯಲು ಹೋದರೆ ನಮ್ಮ ಕೈ ಒತ್ತುವ ತಡವೇ ಉತ್ತರವನ್ನು ಕೆಡಿಸುತ್ತದೆ, ಆದರೆ ಎತ್ತರವನ್ನು ಅಳೆದರೆ ಗುರುತ್ವವೇ ನಮಗೆ ಗಡಿಯಾರವಾಗುತ್ತದೆ. ಮಳೆಗಾಲದಲ್ಲಿ ಅಬ್ಬಿ ತುಂಬಿ ಹರಿಯುವಾಗ ನೀರು ಕಲ್ಲಿನ ಆಚೆ ಬೀಳುತ್ತದೆ, ಏಪ್ರಿಲ್ ಹೊತ್ತಿಗೆ ದಂಬೆಯ ಬುಡಕ್ಕೆ ಸರಿಯುತ್ತದೆ. ಎರಡೂ ಸಲ ನೀರು ಗಾಳಿಯಲ್ಲಿರುವ ಕಾಲ ಅದೇ 0.505 ಸೆಕೆಂಡ್, ಏಕೆಂದರೆ ಎತ್ತರ ಬದಲಾಗಿಲ್ಲ. ಬದಲಾದದ್ದು ಅಡ್ಡ ವೇಗ ಮಾತ್ರ. ಎರಡು ಚಲನೆಗಳ ಸ್ವಾತಂತ್ರ್ಯಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಎರಡನೆಯ ಉದಾಹರಣೆ: ಸಮತಟ್ಟಾದ ಮೈದಾನ

ಶಿವಮೊಗ್ಗದ ಒಂದು ಮೈದಾನದಲ್ಲಿ ಹುಡುಗನೊಬ್ಬ ಚೆಂಡನ್ನು ಸೆಕೆಂಡಿಗೆ 25 ಮೀಟರ್ ವೇಗದಲ್ಲಿ, ನೆಲಕ್ಕೆ 37 ಡಿಗ್ರಿ ಕೋನದಲ್ಲಿ ಎತ್ತಿ ಹೊಡೆದನೆನ್ನೋಣ. ಬ್ಯಾಟಿಗೆ ತಾಗಿದ ಎತ್ತರವನ್ನೇ ನೆಲಮಟ್ಟವೆಂದು ಭಾವಿಸೋಣ. 37 ಡಿಗ್ರಿಗೆ ಸೈನ್ ಸುಮಾರು 0.6, ಕೊಸೈನ್ ಸುಮಾರು 0.8, ಆದ್ದರಿಂದ ಅಡ್ಡ ವೇಗ 20, ಲಂಬ ವೇಗ 15.

ಅತಿ ಎತ್ತರ ತಲುಪುವ ಕಾಲ = 15 ÷ 9.8 = 1.53 ಸೆಕೆಂಡ್
ಗರಿಷ್ಠ ಎತ್ತರ = 15² ÷ 19.6 = 11.5 ಮೀಟರ್
ಹಾರಾಟದ ಅವಧಿ = 2 × 1.53 = 3.06 ಸೆಕೆಂಡ್
ವ್ಯಾಪ್ತಿ = 20 × 3.06 = 61.2 ಮೀಟರ್

ಸಮಮಟ್ಟದ ಎಸೆತಕ್ಕೆ ವ್ಯಾಪ್ತಿಯ ಸೂತ್ರವನ್ನು ನಾನು ಹೀಗೆ ನೆನಪಿಟ್ಟುಕೊಳ್ಳುತ್ತೇನೆ: ವ್ಯಾಪ್ತಿ = 2 × ಅಡ್ಡ ವೇಗ × ಲಂಬ ವೇಗ ÷ 9.8. (ಅಡ್ಡ ವೇಗದ ಜೊತೆ ಇಲ್ಲಿ 9.8 ಕಾಣುವುದು, ಕಾಲದ ಜಾಗದಲ್ಲಿ 2 × ಲಂಬ ವೇಗ ÷ 9.8 ಎಂದು ಬರೆದಿರುವುದರಿಂದ ಮಾತ್ರ.) ಈ ರೂಪದಲ್ಲಿ ನೋಡಿದರೆ 30 ಡಿಗ್ರಿ ಮತ್ತು 60 ಡಿಗ್ರಿಯ ಎಸೆತಗಳು ಒಂದೇ ಜಾಗದಲ್ಲಿ ಏಕೆ ಬೀಳುತ್ತವೆ ಎಂಬುದು ತಾನಾಗಿಯೇ ಕಾಣುತ್ತದೆ. ಕೋನ 30ರಿಂದ 60ಕ್ಕೆ ಹೋದಾಗ ಎರಡು ಘಟಕಗಳು ಜಾಗ ಬದಲಿಸಿಕೊಳ್ಳುತ್ತವೆ, ಗುಣಲಬ್ಧ ಹಾಗೆಯೇ ಉಳಿಯುತ್ತದೆ. ಎರಡೂ ಘಟಕಗಳು ಸಮವಾದಾಗ, ಅಂದರೆ 45 ಡಿಗ್ರಿಯಲ್ಲಿ, ಆ ಗುಣಲಬ್ಧ ಗರಿಷ್ಠವಾಗುತ್ತದೆ.

ಈಗ ಪ್ರಶ್ನೆಯನ್ನು ಮುಂದುವರಿಸೋಣ. ಅದೇ ದಿಕ್ಕಿನಲ್ಲಿ 55 ಮೀಟರ್ ದೂರದಲ್ಲಿ ಫೀಲ್ಡರ್ ನಿಂತಿದ್ದಾನೆ, ಕೈಯೆತ್ತಿದರೆ ಚೆಂಡು ಹೊರಟ ಮಟ್ಟದಿಂದ 2.4 ಮೀಟರ್ ಎತ್ತರದವರೆಗೆ ಎಟುಕಿಸಿಕೊಳ್ಳಬಲ್ಲ. ಅವನಿಗೆ ಕ್ಯಾಚ್ ಸಿಗುತ್ತದೆಯೇ? ಇಲ್ಲಿ ದೂರ ಗೊತ್ತಿರುವುದರಿಂದ ಕಾಲ ಬರುವುದು ಅಡ್ಡ ಕಾಲಂನಿಂದ: 55 ÷ 20 = 2.75 ಸೆಕೆಂಡ್. ಆಗ ಎತ್ತರ = 15 × 2.75 − 4.9 × 2.75² = 41.25 − 37.06 = 4.19 ಮೀಟರ್. ಚೆಂಡು ಅವನ ತಲೆಯ ಮೇಲೆಯೇ ಹಾದುಹೋಗುತ್ತದೆ.

ಹಾಗಾದರೆ ಅವನು ಎಲ್ಲಿ ನಿಲ್ಲಬೇಕಿತ್ತು? 2.4 = 15 ಕಾ − 4.9 ಕಾ² ಎಂಬ ವರ್ಗ ಸಮೀಕರಣವನ್ನು ಬಿಡಿಸಿದರೆ ಕಾಲಕ್ಕೆ ಎರಡು ಬೆಲೆಗಳು ಸಿಗುತ್ತವೆ: 0.17 ಸೆಕೆಂಡ್ ಮತ್ತು 2.89 ಸೆಕೆಂಡ್. ಇವೆರಡೂ ನಿಜವೇ. ಚೆಂಡು 2.4 ಮೀಟರ್ ಎತ್ತರವನ್ನು ಎರಡು ಸಲ ದಾಟುತ್ತದೆ, ಬ್ಯಾಟಿನಿಂದ ಸುಮಾರು 3.4 ಮೀಟರ್ ದೂರದಲ್ಲಿ ಏರುವಾಗ ಒಮ್ಮೆ, 57.8 ಮೀಟರ್ ದೂರದಲ್ಲಿ ಇಳಿಯುವಾಗ ಇನ್ನೊಮ್ಮೆ. ಯಾವ ಮೂಲವನ್ನು, ಅಂದರೆ ಸಮೀಕರಣದ ಯಾವ ಉತ್ತರವನ್ನು, ಉಳಿಸಿಕೊಳ್ಳಬೇಕೆಂಬುದನ್ನು ಗಣಿತ ಹೇಳುವುದಿಲ್ಲ, ಮೈದಾನದ ಚಿತ್ರ ಹೇಳುತ್ತದೆ. ಫೀಲ್ಡರ್ ಸುಮಾರು ಮೂರು ಮೀಟರ್ ಹಿಂದಕ್ಕೆ ಸರಿದು ನಿಲ್ಲಬೇಕಿತ್ತು.

ಮೂರನೆಯ ಉದಾಹರಣೆ: ಕಾವಲು ಮಾಳದಿಂದ ಕವಣೆಕಲ್ಲು

ಭತ್ತದ ತೆನೆ ಬಲಿಯುವ ಹೊತ್ತಿಗೆ ಗದ್ದೆ ಕಾಯಲು ಕಟ್ಟುವ ಮಾಳದ ಮೇಲೆ ನಿಂತು ಒಬ್ಬರು ಕವಣೆ ಬೀಸುತ್ತಾರೆ. ಕಲ್ಲು ಹೊರಡುವ ಜಾಗ ಗದ್ದೆಗಿಂತ 4 ಮೀಟರ್ ಮೇಲಿದೆ, ವೇಗ ಸೆಕೆಂಡಿಗೆ 20 ಮೀಟರ್, ಕೋನ ಮೇಲಕ್ಕೆ 30 ಡಿಗ್ರಿ. ಕಲ್ಲು ಎಷ್ಟು ದೂರದಲ್ಲಿ, ಎಷ್ಟು ವೇಗದಲ್ಲಿ ಬೀಳುತ್ತದೆ?

ಇಲ್ಲಿ ಬಾಯಿಪಾಠದ ಸೂತ್ರ ಕೆಲಸಕ್ಕೆ ಬರುವುದಿಲ್ಲ. ಮೂಲಬಿಂದು ಕಲ್ಲು ಹೊರಟ ಜಾಗ, ಮೇಲ್ಮುಖ ಧನ. ಅಡ್ಡ ವೇಗ 20 × 0.866 = 17.32, ಲಂಬ ವೇಗ 20 × 0.5 = 10. ಗದ್ದೆ ಮೂಲಬಿಂದುವಿಗಿಂತ ಕೆಳಗಿರುವುದರಿಂದ ಲಂಬ ಸ್ಥಾನಪಲ್ಲಟ −4.

−4 = 10 ಕಾ − 4.9 ಕಾ²
4.9 ಕಾ² − 10 ಕಾ − 4 = 0
ಕಾ = (10 ± √178.4) ÷ 9.8

ವರ್ಗಮೂಲದ ಬೆಲೆ 13.36. ಒಂದು ಮೂಲ 2.38 ಸೆಕೆಂಡ್, ಇನ್ನೊಂದು −0.34 ಸೆಕೆಂಡ್. ಅಡ್ಡ ದೂರ = 17.32 × 2.38 = 41 ಮೀಟರಿಗಿಂತ ತುಸು ಹೆಚ್ಚು.

ಋಣ ಮೂಲವನ್ನು ‘ಅರ್ಥವಿಲ್ಲದ್ದು’ ಎಂದು ಹೊಡೆದುಹಾಕುವುದು ವಾಡಿಕೆ. ಅದಕ್ಕೂ ಅರ್ಥವಿದೆ: ಕಲ್ಲು ಇದೇ ಪರವಲಯದ ಮೇಲೆ ಗದ್ದೆಯ ಮಟ್ಟದಿಂದಲೇ ಹೊರಟು ಬಂದಿದ್ದರೆ, ಮಾಳದ ಎತ್ತರವನ್ನು ದಾಟುವ 0.34 ಸೆಕೆಂಡಿಗೆ ಮುಂಚೆ ಅದು ನೆಲದಲ್ಲಿರುತ್ತಿತ್ತು. ಸಮೀಕರಣಕ್ಕೆ ಮಾಳದ ಮೇಲೆ ನಿಂತವರ ವಿಷಯ ತಿಳಿದಿಲ್ಲ, ಅದಕ್ಕೆ ತಿಳಿದಿರುವುದು ಪರವಲಯ ಮಾತ್ರ. ನಮ್ಮ ಕಥೆ ಶುರುವಾಗುವುದು ಕಾಲ ಸೊನ್ನೆಯಿಂದಾದ್ದರಿಂದ ನಾವು ಧನ ಮೂಲವನ್ನು ಆರಿಸಿಕೊಳ್ಳುತ್ತೇವೆ.

ಬೀಳುವಾಗಿನ ಲಂಬ ವೇಗ = 10 − 9.8 × 2.383 = −13.36, ಋಣ ಚಿಹ್ನೆ ಕೆಳಮುಖವೆಂದು ಹೇಳುತ್ತದೆ. ಒಟ್ಟು ವೇಗ = √(17.32² + 13.36²) = ಸೆಕೆಂಡಿಗೆ 21.9 ಮೀಟರ್. ದಿಕ್ಕಿಗಾಗಿ 13.36ನ್ನು 17.32ರಿಂದ ಭಾಗಿಸಿ ಟ್ಯಾನ್‌ನ ವಿಲೋಮ ತೆಗೆದರೆ, ನೆಲಮಟ್ಟಕ್ಕಿಂತ ಕೆಳಕ್ಕೆ ಸುಮಾರು 37.6 ಡಿಗ್ರಿ.

ಈ ಉತ್ತರವನ್ನು ಬೇರೆ ದಾರಿಯಿಂದ ಪರೀಕ್ಷಿಸಬಹುದು, ಪರೀಕ್ಷಿಸಲೇಬೇಕು. ಶಕ್ತಿ ಸಂರಕ್ಷಣೆಯ ಪ್ರಕಾರ ಅಂತಿಮ ವೇಗದ ವರ್ಗ = 20² + 2 × 9.8 × 4 = 478.4, ಅದರ ವರ್ಗಮೂಲ 21.9. ಎರಡು ಬೇರೆ ಬೇರೆ ದಾರಿಗಳು ಒಂದೇ ಊರಿಗೆ ಬಂದರೆ ಲೆಕ್ಕ ಸರಿಯೆಂದು ನಂಬಬಹುದು. ಶಕ್ತಿಯ ಈ ಲೆಕ್ಕದಲ್ಲಿ ಕೋನ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ: ಯಾವ ಕೋನದಲ್ಲಿ ಎಸೆದರೂ ಗದ್ದೆಗೆ ಬಡಿಯುವ ವೇಗದ ಪ್ರಮಾಣ ಅದೇ.

ಎತ್ತರದಿಂದ ಎಸೆದಾಗ 45 ಡಿಗ್ರಿ ಅತ್ಯುತ್ತಮ ಕೋನವಲ್ಲ. ಇದೇ ಮಾಳದಿಂದ 45 ಡಿಗ್ರಿಯಲ್ಲಿ ಬೀಸಿದರೆ 44.5 ಮೀಟರ್, 42.4 ಡಿಗ್ರಿಯಲ್ಲಿ ಬೀಸಿದರೆ 44.6 ಮೀಟರ್. ಇಷ್ಟು ತಗ್ಗಿನಲ್ಲಿ ವ್ಯತ್ಯಾಸ ಒಂದು ಗೇಣಿಗಿಂತಲೂ ಕಡಿಮೆ, ಆದರೆ ಎತ್ತರ ಹೆಚ್ಚಿದಷ್ಟೂ ಉತ್ತಮ ಕೋನ ತಗ್ಗುತ್ತ ಹೋಗುತ್ತದೆ.

ಕೆಳಮುಖವಾಗಿ ಹೊರಡುವ ಎಸೆತ: ಸೂರಿನ ನೀರು

ಹೆಂಚಿನ ಮಾಡಿನಿಂದ ಜಿರಿಜಿರಿ ಮಳೆಯಲ್ಲಿ ಹನಿಗಳು ಸೂರಿನ ನೇರ ಕೆಳಗೇ ಬೀಳುತ್ತವೆ, ಆಷಾಢದ ಜಡಿಮಳೆಯಲ್ಲಿ ಅದೇ ನೀರು ಅಂಗಳದ ಕಡೆಗೆ ಚಿಮ್ಮುತ್ತದೆ. ಮಾಡಿನ ಇಳಿಜಾರು 30 ಡಿಗ್ರಿ, ಸೂರಿನ ಎತ್ತರ 2.5 ಮೀಟರ್, ಜೋರು ಮಳೆಯಲ್ಲಿ ನೀರು ಸೂರನ್ನು ಬಿಡುವ ವೇಗ ಸೆಕೆಂಡಿಗೆ 2 ಮೀಟರ್ ಎಂದಿಟ್ಟುಕೊಂಡರೆ, ನೀರು ಬೀಳುವ ಚರಂಡಿಯನ್ನು ಎಲ್ಲಿ ತೋಡಬೇಕು? ಆರಂಭಿಕ ವೇಗವೇ ಕೆಳಮುಖವಾಗಿರುವುದರಿಂದ ಕೆಳಮುಖವನ್ನು ಧನ ಮಾಡಿಕೊಳ್ಳೋಣ. ಅಡ್ಡ ವೇಗ 1.73, ಲಂಬ ವೇಗ 1.

2.5 = 1 ಕಾ + 4.9 ಕಾ²
ಕಾ = (−1 + √50) ÷ 9.8 = 0.62 ಸೆಕೆಂಡ್
ಅಡ್ಡ ದೂರ = 1.73 × 0.62 = 1.07 ಮೀಟರ್

ಅಂದರೆ ಚರಂಡಿ ಸೂರಿನ ಕೆಳಗಿನಿಂದ ಶುರುವಾಗಿ ಒಂದು ಮೀಟರಿಗಿಂತ ತುಸು ಆಚೆಯವರೆಗೂ ಹರಡಿರಬೇಕು. ಇಲ್ಲಿ ಲಂಬ ವೇಗಕ್ಕೆ ತಪ್ಪಿ ಋಣ ಚಿಹ್ನೆ ಹಾಕಿದವರಿಗೆ ಕಾಲ 0.82 ಸೆಕೆಂಡ್ ಬರುತ್ತದೆ. ಅದು ನೀರನ್ನು ಮಾಡಿನಿಂದ ಮೇಲಕ್ಕೆ ಚಿಮ್ಮಿಸಿದರೆ ಬರುವ ಉತ್ತರ. ಸುಮ್ಮನೆ ಬಿಟ್ಟ ಹನಿ 2.5 ಮೀಟರ್ ಬೀಳಲು 0.71 ಸೆಕೆಂಡ್ ಸಾಕೆಂದು ನೆನಪಿದ್ದರೆ, ಕೆಳಕ್ಕೆ ತಳ್ಳಿದ ನೀರಿಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಲಾರದೆಂದು ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ.

ಮಂಗ ಕೈಬಿಟ್ಟ ಅಡಿಕೆ

ಜಗತ್ತಿನ ಎಲ್ಲ ಭೌತಶಾಸ್ತ್ರದ ತರಗತಿಗಳಲ್ಲಿಯೂ ಮಂಗನ ಸಮಸ್ಯೆಯೊಂದು ಇದ್ದೇ ಇರುತ್ತದೆ. ನಮ್ಮ ತೋಟಗಳಲ್ಲಿ ಅದಕ್ಕೆ ಬೇರೆ ಪೀಠಿಕೆ ಬೇಡ. ನಿಮ್ಮ ಕೈಮಟ್ಟದಿಂದ 12 ಮೀಟರ್ ಎತ್ತರದಲ್ಲಿ, ಅಡ್ಡಲಾಗಿ 16 ಮೀಟರ್ ದೂರದ ಅಡಿಕೆ ಮರದಲ್ಲಿ ಮಂಗ ಕುಳಿತಿದೆ. ನೀವು ಚೆಂಡು ಎಸೆದ ಕ್ಷಣದಲ್ಲೇ ಅದು ಕೈಯಲ್ಲಿದ್ದ ಅಡಿಕೆಯನ್ನು ಬಿಡುತ್ತದೆ. ಬೀಳುತ್ತಿರುವ ಅಡಿಕೆಗೆ ಚೆಂಡು ತಾಗಬೇಕಾದರೆ ಎಲ್ಲಿಗೆ ಗುರಿಯಿಡಬೇಕು?

ಹೆಚ್ಚಿನವರು ‘ಸ್ವಲ್ಪ ಕೆಳಗೆ’ ಎನ್ನುತ್ತಾರೆ. ಸರಿಯಾದ ಉತ್ತರ, ಬಿಡುವ ಮುಂಚೆ ಅಡಿಕೆ ಎಲ್ಲಿತ್ತೋ ನೇರವಾಗಿ ಅಲ್ಲಿಗೆ. ಗುರುತ್ವವಿಲ್ಲದಿದ್ದರೆ ಚೆಂಡು ಗುರಿಯ ಸರಳರೇಖೆಯಲ್ಲೇ ಸಾಗಿ ಅಡಿಕೆಯನ್ನು ಮುಟ್ಟುತ್ತಿತ್ತು. ಗುರುತ್ವವಿರುವುದರಿಂದ ಚೆಂಡು ಆ ರೇಖೆಗಿಂತ 4.9 ಕಾ² ಕೆಳಗಿಳಿಯುತ್ತದೆ, ಅಡಿಕೆಯೂ ಅಷ್ಟೇ ಕಾಲದಲ್ಲಿ ಅಷ್ಟೇ ಇಳಿಯುತ್ತದೆ. ಇಬ್ಬರಿಗೂ ಸಮನಾಗಿ ಬಂದ ಇಳಿತ ಇಬ್ಬರ ನಡುವಿನ ಲೆಕ್ಕವನ್ನು ಬದಲಿಸಲಾರದು.

ಮರದ ಆ ಬಿಂದುವಿಗೆ ನೇರ ದೂರ 20 ಮೀಟರ್. ಚೆಂಡಿನ ವೇಗ ಸೆಕೆಂಡಿಗೆ 20 ಮೀಟರ್ ಆದರೆ 1 ಸೆಕೆಂಡಿನಲ್ಲಿ ಭೇಟಿ, ಆಗ ಎರಡೂ 4.9 ಮೀಟರ್ ಇಳಿದಿರುತ್ತವೆ, ಭೇಟಿಯ ಎತ್ತರ ಕೈಮಟ್ಟದಿಂದ 7.1 ಮೀಟರ್. ವೇಗ 10ಕ್ಕೆ ಇಳಿದರೆ 2 ಸೆಕೆಂಡಿನ ಇಳಿತ 19.6 ಮೀಟರ್, ಅಂದರೆ ಅಡಿಕೆ ಆ ವೇಳೆಗಾಗಲೇ ನೆಲ ಮುಟ್ಟಿದೆ. ಕೈಮಟ್ಟಕ್ಕಿಂತ ಕೆಳಗಿಳಿಯುವ ಮುಂಚೆ ತಾಗಬೇಕಾದರೆ ಚೆಂಡಿಗೆ ಕನಿಷ್ಠ ಸೆಕೆಂಡಿಗೆ 12.8 ಮೀಟರ್ ವೇಗ ಬೇಕು.

ಲೆಕ್ಕದ ಗಡಿ: ಜೋಗದ ರಾಜಾ

ಸಾಗರ ತಾಲ್ಲೂಕಿನ ಜೋಗದಲ್ಲಿ ಶರಾವತಿಯ ನಾಲ್ಕು ಕವಲುಗಳಲ್ಲಿ ಒಂದಾದ ರಾಜಾ, 253 ಮೀಟರ್ ಆಳಕ್ಕೆ ಎಲ್ಲಿಯೂ ಬಂಡೆಗೆ ತಾಗದೆ ಧುಮುಕುತ್ತದೆ. ಮೊದಲ ಉದಾಹರಣೆಯ ವಿಧಾನವನ್ನೇ ಇಲ್ಲಿ ಬಳಸಿದರೆ ಬೀಳುವ ಕಾಲ √(253 ÷ 4.9) = 7.2 ಸೆಕೆಂಡ್, ತಳದಲ್ಲಿ ಲಂಬ ವೇಗ ಸೆಕೆಂಡಿಗೆ 70 ಮೀಟರ್, ಅಂದರೆ ಗಂಟೆಗೆ 250 ಕಿಲೋಮೀಟರಿಗೂ ಹೆಚ್ಚು. ಲೆಕ್ಕದಲ್ಲಿ ತಪ್ಪಿಲ್ಲ, ಆದರೂ ಉತ್ತರ ಜೋಗದ ನೀರಿಗೆ ಸೇರಿದ್ದಲ್ಲ. ಎದುರಿನ ದಡದಲ್ಲಿ ನಿಂತು ನೋಡಿದರೆ ಕಾರಣ ಕಾಣುತ್ತದೆ: ನೀರು ಅರ್ಧ ದಾರಿಯಲ್ಲೇ ಒಡೆದು ಹನಿಯಾಗಿ, ಹನಿ ಮಂಜಾಗಿ, ಗಾಳಿ ಬೀಸಿದ ಕಡೆಗೆ ಸರಿಯುತ್ತಿರುತ್ತದೆ. ದೊಡ್ಡ ಮಳೆಹನಿಯೊಂದು ಗಾಳಿಯಲ್ಲಿ ಎಷ್ಟು ಎತ್ತರದಿಂದ ಬಿದ್ದರೂ ಸೆಕೆಂಡಿಗೆ ಸುಮಾರು 9 ಮೀಟರಿಗಿಂತ ಹೆಚ್ಚು ವೇಗ ಪಡೆಯುವುದಿಲ್ಲ, ಏಕೆಂದರೆ ಆ ವೇಗದಲ್ಲಿ ಗಾಳಿಯ ತಡೆ ಹನಿಯ ತೂಕಕ್ಕೆ ಸಮನಾಗಿಬಿಡುತ್ತದೆ.

ಹಾಗಾದರೆ ನಮ್ಮ ವಿಧಾನವನ್ನು ಎಲ್ಲಿ ನಂಬಬಹುದು? ವಸ್ತು ಗಟ್ಟಿಯಾಗಿ, ತನ್ನ ಗಾತ್ರಕ್ಕೆ ತಕ್ಕಷ್ಟು ಭಾರವಾಗಿದ್ದು, ದಾರಿ ಚಿಕ್ಕದಾಗಿ, ವೇಗ ಕಡಿಮೆಯಿದ್ದಲ್ಲಿ. ದಂಬೆಯ ನೀರು, ಸೂರಿನ ನೀರು, ಕೈಯಿಂದ ಎಸೆದ ಕಲ್ಲು ಈ ಗಡಿಯ ಒಳಗಿವೆ. ಎತ್ತಿ ಹೊಡೆದ ಕ್ರಿಕೆಟ್ ಚೆಂಡು ಗಡಿಯ ಮೇಲಿದೆ. 61 ಮೀಟರ್ ಎಂದು ನಾವು ಲೆಕ್ಕ ಹಾಕಿದ ಹೊಡೆತ ನಿಜವಾದ ಮೈದಾನದಲ್ಲಿ ಅದಕ್ಕಿಂತ ಮೊದಲೇ ನೆಲ ಕಾಣುತ್ತದೆ, ಏರಿದ್ದಕ್ಕಿಂತ ಕಡಿದಾಗಿ ಇಳಿಯುತ್ತದೆ. ಒಣಗಿದ ಎಲೆ, ಶಟಲ್‌ಕಾಕ್, ಮಂಜಿನ ಹನಿ ಗಡಿಯ ಆಚೆ. ಆದ್ದರಿಂದ ಪರೀಕ್ಷೆಯಲ್ಲಾಗಲಿ, ಮನೆಯ ಅಭ್ಯಾಸದಲ್ಲಾಗಲಿ, ಚಿತ್ರದ ಪಕ್ಕದಲ್ಲಿ ಮೊದಲ ಸಾಲಾಗಿ ‘ಗಾಳಿಯ ತಡೆಯನ್ನು ಗಣಿಸಿಲ್ಲ, ಗುರುತ್ವ ವೇಗೋತ್ಕರ್ಷ 9.8, ಮೇಲ್ಮುಖ ಧನ’ ಎಂದು ಬರೆದು, ಅದರ ಕೆಳಗೆ ಗೆರೆ ಎಳೆದು ಎರಡು ಕಾಲಂಗಳನ್ನು ಶುರುಮಾಡಿ.